ಮನೆ ಕಂಪ್ಯೂಟರ್ ಪದೇ ಪದೇ ಆಫ್ ಆಗ್ತಿದ್ಯಾ? ಅಂಗಡಿಗೆ ಹೊರುವ ಮೊದಲು ಇಷ್ಟು ನೋಡಿ

ಮೂಡಿಗೆರೆ: ಮಳೆಗಾಲ ಬಂತು ಅಂದ್ರೆ ಕೊಡೆ ರಿಪೇರಿಯವರ ಜೊತೆ ಕಂಪ್ಯೂಟರ್ ರಿಪೇರಿಯವರಿಗೂ ಕೈತುಂಬ ಕೆಲಸ. ಕಳಸ, ಕೊಟ್ಟಿಗೆಹಾರ, ಬಾಳೆಹೊನ್ನೂರು ಕಡೆಯಿಂದ ಪ್ಲಾಸ್ಟಿಕ್ ಸುತ್ತಿದ ಸಿಪಿಯುಗಳು ಬಸ್ಸಲ್ಲಿ, ಜೀಪಲ್ಲಿ ಪೇಟೆಗೆ ಬರುತ್ತವೆ. ದೂರು ಹೆಚ್ಚುಕಮ್ಮಿ ಇಷ್ಟೇ: ‘ಕೆಲಸ ಮಾಡ್ತಾ ಮಾಡ್ತಾ ಆಫ್ ಆಗುತ್ತೆ’, ‘ನೀಲಿ ಪರದೆ ಬರುತ್ತೆ’, ‘ಹ್ಯಾಂಗ್ ಆಗಿ ನಿಂತ್ಬಿಡುತ್ತೆ’.

ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಜಾಗ ಬೇಕು ಅಂತ ಪೂರ್ಣಚಂದ್ರ ತೇಜಸ್ವಿ ಹಟ ಹಿಡಿದಿದ್ದ ಊರು ನಮ್ಮದು. ಇವತ್ತು ಇಲ್ಲಿ ಕಂಪ್ಯೂಟರ್ ಅಲಂಕಾರದ ವಸ್ತು ಅಲ್ಲ. ತೋಟದ ರೈಟರ ಬಟವಾಡೆ ಲೆಕ್ಕ ಅದರಲ್ಲಿದೆ. ದಿನಸಿ ಅಂಗಡಿಯ ಸಾಲದ ಖಾತೆ ಅದರಲ್ಲಿದೆ. ಪ್ರತಿ ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಗೆ 11ನೇ ತಾರೀಕು ಜಿಎಸ್‌ಟಿಆರ್ 1, 20ನೇ ತಾರೀಕು 3ಬಿ ಅಂತ ಗಡುವು ಇದೆ. 19ರ ರಾತ್ರಿ ಕಂಪ್ಯೂಟರ್ ಕೈಕೊಟ್ಟರೆ ದಂಡ, ಬಡ್ಡಿ ಎರಡೂ ನಮ್ಮ ತಲೆಗೆ.

ಬೇಸರದ ಸಂಗತಿ ಅಂದ್ರೆ, ಎಷ್ಟೋ ಸಲ ತೊಂದರೆ ಕಂಪ್ಯೂಟರಿನದ್ದೇ ಆಗಿರಲ್ಲ. ಗೋಡೆಯ ಸಾಕೆಟ್ಟಿನದ್ದೋ, ಫ್ಯಾನಿಗೆ ಕಟ್ಟಿದ ಧೂಳಿನದ್ದೋ, ಸಡಿಲವಾದ ರ‍್ಯಾಮಿನದ್ದೋ ಆಗಿರುತ್ತೆ. ಅದು ಗೊತ್ತಾಗದೆ ‘ಫಾರ್ಮ್ಯಾಟ್ ಹೊಡೆದ್ಬಿಡಿ’ ಅಂತೀವಿ. ದುಡ್ಡೂ ಹೋಗುತ್ತೆ, ವರ್ಷಗಳ ಲೆಕ್ಕವೂ ಹೋಗುತ್ತೆ, ವಾರ ಬಿಟ್ಟು ಅದೇ ತೊಂದರೆ ವಾಪಸ್ ಬರುತ್ತೆ. ಅದಕ್ಕೇ ಈ ಬರಹ. ಮೇಲಿಂದ ಕೆಳಗೆ ಇದೇ ಕ್ರಮದಲ್ಲಿ ನೋಡುತ್ತಾ ಬನ್ನಿ. ಖರ್ಚಿಲ್ಲದ ಕೆಲಸ ಮೊದಲು, ಖರ್ಚಿನದು ಕೊನೆಗೆ.

1. ಎಲ್ಲಕ್ಕಿಂತ ಮೊದಲು ಫೈಲ್ ಕಾಪಿ ಮಾಡಿ

ಕಂಪ್ಯೂಟರ್ ಹತ್ತು ನಿಮಿಷ ಆನ್ ಇದ್ದರೂ ಸಾಕು, ಆ ಹತ್ತು ನಿಮಿಷದಲ್ಲಿ ಮೊದಲು ಬೇಕಾದ ಫೈಲುಗಳನ್ನು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ಹಾಕಿಕೊಳ್ಳಿ. ಮೊದಲು ಲೆಕ್ಕದ ಫೋಲ್ಡರ್, ಆಮೇಲೆ ಜಮೀನಿನ ಕಾಗದಗಳ ಸ್ಕ್ಯಾನ್, ಆಮೇಲೆ ಫೋಟೋ. ಸಿನಿಮಾ, ಹಾಡು ಹೋದರೆ ಮತ್ತೆ ಸಿಗುತ್ತವೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುವವರು ಡೆಸ್ಕ್‌ಟಾಪಲ್ಲಿ ಕಾಣುವ ಐಕಾನ್ ಕಾಪಿ ಮಾಡಿ ಸುಮ್ಮನಾಗಬೇಡಿ. ಅದು ಬರೀ ಬಾಗಿಲು. ಒಳಗಿನ ಡೇಟಾ ಎಲ್ಲಿದೆ ಅಂತ ಆ ಸಾಫ್ಟ್‌ವೇರಿನಲ್ಲೇ ನೋಡಿ, ಅದರದ್ದೇ ಬ್ಯಾಕಪ್ ಆಯ್ಕೆ ಬಳಸಿ.

ಕಾಪಿ ಆದ ಮೇಲೆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ಒಂದೆರಡು ಫೈಲ್ ತೆಗೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್.

2. ಯಾವ ಥರ ಕೈಕೊಡುತ್ತಿದೆ?

‘ಕ್ರ್ಯಾಶ್’ ಅಂತ ಒಂದೇ ಮಾತಲ್ಲಿ ಹೇಳಿದರೂ ಅದರಲ್ಲಿ ಬೇರೆ ಬೇರೆ ಜಾತಿ ಇದೆ. ಜಾತಿ ಗೊತ್ತಾದರೆ ಅರ್ಧ ಕೆಲಸ ಮುಗೀತು.

• ಏನೂ ಹೇಳದೆ ಫಟ್ ಅಂತ ಆಫ್: ಕರೆಂಟು, ಎಸ್‌ಎಂಪಿಎಸ್ ಅಥವಾ ವಿಪರೀತ ಬಿಸಿ. ಮೊದಲು ಇಲ್ಲಿ ನೋಡಿ.
• ತಾನಾಗೇ ರೀಸ್ಟಾರ್ಟ್: ಮೇಲಿನ ಕಾರಣವೇ ಇರಬಹುದು. ಅಥವಾ ನೀಲಿ ಪರದೆ ಬಂದು, ನೀವು ಓದುವ ಮೊದಲೇ ಮಾಯ ಆಗಿರಬಹುದು.
• ನೀಲಿ ಪರದೆ: ಡ್ರೈವರ್, ರ‍್ಯಾಮ್ ಅಥವಾ ಡಿಸ್ಕ್. ವಿಂಡೋಸ್ 11ರ ಹೊಸ ಅಪ್‌ಡೇಟ್ ಆದವರಿಗೆ ಇದೇ ಪರದೆ ಕಪ್ಪು ಬಣ್ಣದಲ್ಲಿ ಬರುತ್ತೆ, ಗಾಬರಿ ಬೇಡ.
• ಮೌಸ್ ಕೂಡ ಅಲ್ಲಾಡದೆ ನಿಂತುಬಿಡುವುದು: ಡಿಸ್ಕ್, ರ‍್ಯಾಮ್, ಬಿಸಿ.
• ಒಂದೇ ಪ್ರೋಗ್ರಾಂ ಮುಚ್ಚಿಕೊಂಡು, ಉಳಿದದ್ದೆಲ್ಲ ಸರಿ ಇರುವುದು: ಆ ಪ್ರೋಗ್ರಾಮಿನದ್ದೇ ತೊಂದರೆ. ಸಿಪಿಯು ಹೊತ್ತುಕೊಂಡು ಹೋಗುವ ಅಗತ್ಯ ಸಾಮಾನ್ಯವಾಗಿ ಇರಲ್ಲ. ಡೇಟಾ ಬ್ಯಾಕಪ್ ತೆಗೆದು, ಆ ಪ್ರೋಗ್ರಾಂ ಅಳಿಸಿ ಮತ್ತೆ ಹಾಕಿ ನೋಡಿ.

ಒಂದು ನೋಟ್‌ಬುಕ್ ಕಂಪ್ಯೂಟರ್ ಪಕ್ಕ ಇಡಿ. ಪ್ರತಿ ಸಲ ಆಫ್ ಆದಾಗ ತಾರೀಕು, ಗಂಟೆ, ಆಗ ಏನು ಮಾಡ್ತಾ ಇದ್ರಿ, ಮಳೆ ಗುಡುಗು ಇತ್ತಾ, ಬಲ್ಬ್ ಮಂಕಾಯ್ತಾ ಅಂತ ಒಂದು ಸಾಲು ಬರೀರಿ. ಐದಾರು ಸಲದ ದಾಖಲೆ ಆದರೆ ಕಾರಣ ತಾನೇ ಕಾಣಿಸುತ್ತೆ. ಸಂಜೆ ಎಲ್ಲರ ಮನೆ ದೀಪ ಹತ್ತುವ ಹೊತ್ತಲ್ಲೇ ಆಫ್ ಆಗ್ತಿದ್ರೆ ವೋಲ್ಟೇಜ್ ಮೇಲೆ ಅನುಮಾನ. ಆನ್ ಮಾಡಿ ಅರ್ಧ ಗಂಟೆಗೆ ಸರಿಯಾಗಿ ಆಫ್ ಆದರೆ ಬಿಸಿ. ಪ್ರಿಂಟ್ ಕೊಟ್ಟಾಗಲೇ ಆದರೆ ಪ್ರಿಂಟರಿನ ಡ್ರೈವರ್, ಇಲ್ಲವೇ ಪ್ರಿಂಟರ್ ಎಳೆಯುವ ಕರೆಂಟು.

ಕಂಪ್ಯೂಟರ್ ತಾನೂ ಒಂದು ಡೈರಿ ಬರೆಯುತ್ತೆ. ಸ್ಟಾರ್ಟ್ ಒತ್ತಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತೆ. ಯಾವ ದಿನ ಏನು ಬಿತ್ತು ಅನ್ನೋದು ಅಲ್ಲಿ ಕೆಂಪು ಗುರುತಿನಲ್ಲಿ ಇರುತ್ತೆ. ‘ಇವೆಂಟ್ ವ್ಯೂವರ್’ ಒಳಗೆ ‘ಕರ್ನಲ್ ಪವರ್ 41’ ಅಂತ ಕಂಡರೆ ಅದೇ ಕಾಯಿಲೆಯ ಹೆಸರು ಅಂದುಕೊಳ್ಳಬೇಡಿ. ‘ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ’ ಅನ್ನೋದಷ್ಟೇ ಅದರ ಅರ್ಥ. ಅದರ ವಿವರದಲ್ಲಿ ‘ಬಗ್‌ಚೆಕ್ ಕೋಡ್’ 0 ಇದ್ದರೆ ನೀಲಿ ಪರದೆ ದಾಖಲಾಗಿಲ್ಲ ಅಂತ. ಆಗ ಕರೆಂಟು, ಬಿಸಿ ಕಡೆ ಮೊದಲು ನೋಡಿ.

3. ಕರೆಂಟು: ನಮ್ಮ ಕಡೆಯ ಮೊದಲ ಅನುಮಾನ

ಮನೆಗೆ ಬರಬೇಕಾದ್ದು 230 ವೋಲ್ಟ್. ಟಿಸಿಯಿಂದ ದೂರದ ತೋಟದ ಮನೆಗೆ ಬರುವ ಹೊತ್ತಿಗೆ ತಂತಿಯ ಉದ್ದದಲ್ಲೇ ಒಂದಷ್ಟು ಸೋರಿಹೋಗಿರುತ್ತೆ. ಅದರ ಮೇಲೆ ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಓಡಿದರೆ ಬಲ್ಬ್ ಮಂಕಾಗುವುದನ್ನು ಕಣ್ಣಲ್ಲೇ ನೋಡಬಹುದು. ಮಳೆಗಾಲದಲ್ಲಿ ಕೊಂಬೆ ತಂತಿಗೆ ತಾಗಿ ಕರೆಂಟು ಕ್ಷಣಕ್ಕೊಮ್ಮೆ ಹೋಗಿ ಬರುತ್ತೆ. ಟ್ಯೂಬ್‌ಲೈಟ್ ಮಿನುಗಿ ಸುಧಾರಿಸಿಕೊಳ್ಳುತ್ತೆ, ಕಂಪ್ಯೂಟರ್ ಸುಧಾರಿಸಿಕೊಳ್ಳಲ್ಲ.

ಕಂಪ್ಯೂಟರಿನ ಹಿಂದೆ ಇರುವ ಎಸ್‌ಎಂಪಿಎಸ್ ಪೆಟ್ಟಿಗೆ ಗೋಡೆಯ ಕರೆಂಟನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಒಳಗೆ ಕೊಡುತ್ತೆ. ಅದರ ಮೇಲಿನ ಚೀಟಿಯಲ್ಲಿ ಎಷ್ಟರಿಂದ ಎಷ್ಟು ವೋಲ್ಟ್ ತಡೆಯುತ್ತೆ ಅಂತ ಬರೆದಿರುತ್ತೆ. ಕೆಲವು 200ರಿಂದ ಶುರು, ಕೆಲವು 180ರಿಂದ. ಸಾಕೆಟ್ಟಿಗೆ ಚುಚ್ಚುವ ಡಿಜಿಟಲ್ ವೋಲ್ಟ್‌ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತೆ. ಒಂದು ವಾರ ಹಾಕಿಟ್ಟು ಬೆಳಿಗ್ಗೆ, ಸಂಜೆ ಎಷ್ಟಿದೆ ನೋಡಿ. ಚೀಟಿಯಲ್ಲಿರುವ ಅಂಕಿಗಿಂತ ಕೆಳಗೆ ಇಳಿಯುತ್ತಿದ್ದರೆ ಕಂಪ್ಯೂಟರನ್ನು ಬೈದು ಪ್ರಯೋಜನ ಇಲ್ಲ. ನಮ್ಮ ಜಿಲ್ಲೆಗೆ ಕರೆಂಟು ಕೊಡುವ ಮೆಸ್ಕಾಂಗೆ 1912ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ನಂಬರ್ ಇಟ್ಟುಕೊಳ್ಳಿ. ವೋಲ್ಟ್‌ಮೀಟರಿನ ಫೋಟೋ ಗಂಟೆ ಸಮೇತ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತೆ.

ಕಂಪ್ಯೂಟರ್, ಮಾನಿಟರ್, ಪ್ರಿಂಟರ್, ರೂಟರ್, ಮೊಬೈಲ್ ಚಾರ್ಜರ್ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದ್ದರೆ ಮೊದಲು ಅದನ್ನು ಬಿಡಿಸಿ. ಕಂಪ್ಯೂಟರನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ಎರಡು ದಿನ ನೋಡಿ. ಸಡಿಲವಾದ ಪಿನ್, ಕಪ್ಪಾದ ಸಾಕೆಟ್ ಇದ್ದರೆ ತೊಂದರೆ ಅಲ್ಲೇ ಇರಬಹುದು. ಅಂಥ ಸಾಕೆಟ್ ಬಳಸಬೇಡಿ, ಬದಲಾಯಿಸಿ.

ಎಚ್ಚರಿಕೆ: ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರಲ್ಲಿ 300 ವೋಲ್ಟಿಗೂ ಹೆಚ್ಚು ಇರುತ್ತೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅದು ಉಳಿದಿರುತ್ತೆ.

4. ಇನ್ವರ್ಟರ್ ಇದೆ, ಆದರೂ ಯಾಕೆ ರೀಸ್ಟಾರ್ಟ್?

ಇದು ತುಂಬ ಮನೆಗಳ ಪ್ರಶ್ನೆ. ‘ಫ್ಯಾನ್ ನಿಲ್ಲಲ್ಲ, ಟಿವಿ ಸರಿ ಇರುತ್ತೆ, ಕಂಪ್ಯೂಟರ್ ಮಾತ್ರ ಹೋಗಿ ಬರುತ್ತೆ’ ಅಂತ. ಕಾರಣ ಸರಳ. ಕರೆಂಟು ಹೋದಾಗ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಒಂದು ಚೂರು ಹೊತ್ತು ತಗೊಳ್ಳುತ್ತೆ. ಎಸ್‌ಎಂಪಿಎಸ್ ತನ್ನೊಳಗಿನ ಶೇಖರಣೆಯಲ್ಲಿ ಪೂರ್ತಿ ಲೋಡ್ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್, ಅಂದ್ರೆ ಒಂದು ಸೆಕೆಂಡಿನಲ್ಲಿ ಅರವತ್ತನೇ ಒಂದು ಪಾಲು. ಅಷ್ಟರೊಳಗೆ ಇನ್ವರ್ಟರ್ ಬರಲಿಲ್ಲ ಅಂದ್ರೆ ಕಂಪ್ಯೂಟರ್ ಆಫ್.

ಹಲವು ಇನ್ವರ್ಟರುಗಳಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೋ’ ಅಂತ ಒಂದು ಸ್ವಿಚ್ ಇರುತ್ತೆ. ನಾರ್ಮಲಲ್ಲಿ ಬದಲಾವಣೆ ನಿಧಾನ, ಜೊತೆಗೆ ಕಡಿಮೆ ವೋಲ್ಟೇಜನ್ನೂ ಹಾಗೇ ಮನೆಯೊಳಗೆ ಬಿಡುತ್ತೆ. ಯುಪಿಎಸ್ ಕಡೆಗೆ ಹಾಕಿದರೆ ಬೇಗ ಬದಲಾಗುತ್ತೆ, ವೋಲ್ಟೇಜ್ ತೀರಾ ಇಳಿದಾಗ ತಾನೇ ಬ್ಯಾಟರಿಗೆ ಹೋಗುತ್ತೆ. ಆದರೆ ಕಡಿಮೆ ವೋಲ್ಟೇಜ್ ಇರುವ ಊರಲ್ಲಿ ಬ್ಯಾಟರಿ ಬೇಗ ಖಾಲಿಯಾಗಬಹುದು, ಅದು ಗೊತ್ತಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಕಂಪ್ಯೂಟರಿಗೆ ಒಳ್ಳೆಯದಲ್ಲ, ಸೈನ್ ವೇವ್ ಇರಬೇಕು.

ಕಂಪ್ಯೂಟರಿಗೇ ಅಂತ ಸಣ್ಣ ಯುಪಿಎಸ್ ಇಟ್ಟವರು ಅದರ ಬ್ಯಾಟರಿ ಮರೆತುಬಿಡ್ತಾರೆ. ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ. ಎರಡು ಮೂರು ವರ್ಷದಲ್ಲಿ ಅದರ ಕಸುವು ಹೋಗುತ್ತೆ. ಪರೀಕ್ಷೆ ಹೀಗೆ ಮಾಡಿ: ಕಂಪ್ಯೂಟರ್ ಆಫ್ ಮಾಡಿ, ಯುಪಿಎಸ್ಸಿಗೆ ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ. ಅಷ್ಟು ಸಣ್ಣ ದೀಪವೇ ಒಂದೆರಡು ನಿಮಿಷದಲ್ಲಿ ಆರಿದರೆ ಬ್ಯಾಟರಿ ಸತ್ತಿದೆ. ಬ್ಯಾಟರಿ ಮಾತ್ರ ಬದಲಾಯಿಸಬಹುದು, ಇಡೀ ಯುಪಿಎಸ್ ಕೊಳ್ಳಬೇಕಿಲ್ಲ. ಜೆರಾಕ್ಸ್ ಅಂಗಡಿಯವರಿಗೆ ಇನ್ನೊಂದು ಮಾತು: ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್ಸಿಗೆ ಹಾಕಬೇಡಿ. ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಯುಪಿಎಸ್ ಕೂಗಿ ಎಲ್ಲವನ್ನೂ ಆಫ್ ಮಾಡುತ್ತೆ.

5. ಸಿಡಿಲು ಮತ್ತು ಅರ್ಥಿಂಗ್

ಏಪ್ರಿಲ್, ಮೇ ತಿಂಗಳ ಮಳೆ ಬರುವುದೇ ಗುಡುಗು ಸಿಡಿಲಿನ ಜೊತೆ. ಸ್ವಿಚ್ ಆಫ್ ಮಾಡಿದರೆ ಸಾಕು ಅಂತ ತಿಳಿಯಬೇಡಿ. ಮೈಲಿಗಟ್ಟಲೆ ಗಾಳಿಯಲ್ಲಿ ಹಾರಿ ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೂದಲೆಳೆ ಅಂತರ ಲೆಕ್ಕಕ್ಕಿಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳಬೇಕು. ಕಂಪ್ಯೂಟರಿಗೆ ಬರುವ ಇಂಟರ್ನೆಟ್ ಕೇಬಲ್ಲನ್ನೂ ಕೀಳಬೇಕು. ತಾಮ್ರದ ಲ್ಯಾನ್ ಕೇಬಲ್ ಮೂಲಕ ಬಂದ ಹೊಡೆತ ಮದರ್‌ಬೋರ್ಡನ್ನೇ ಸುಡುತ್ತೆ. ಫೈಬರ್ ಗಾಜಿನ ಎಳೆ ಕರೆಂಟು ಒಯ್ಯಲ್ಲ ನಿಜ, ಆದರೆ ಆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಕರೆಂಟಿನಲ್ಲೇ ಇದೆ, ಅದನ್ನೂ ಕಿತ್ತಿಡಿ. ಸಿಡಿಲು ನೆತ್ತಿ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿ. ಕಂಪ್ಯೂಟರಿಗಿಂತ ಜೀವ ದೊಡ್ಡದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಅರ್ಥಿಂಗ್ ಸರಿ ಇಲ್ಲ ಅಂತ ಲೆಕ್ಕ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಸಣ್ಣ ಸೋರಿಕೆಯನ್ನು ಅರ್ಥ್ ತಂತಿಗೆ ಕಳಿಸುತ್ತೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಲ್ಲೇ ನಿಲ್ಲುತ್ತೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದಾಗ ಇದು ಹೆಚ್ಚು. ಗುಂಡಿಗೆ ನೀರು ಹಾಕುವುದು ಹಳೆಯ ರೂಢಿ, ಒಳ್ಳೆಯದೇ. ಆದರೆ ಮೂರನೇ ಪಿನ್ ಮುರಿದ ಪ್ಲಗ್, ಎರಡು ಪಿನ್ನಿನ ಅಡಾಪ್ಟರ್ ಬಳಸುತ್ತಿದ್ದರೆ ಎಷ್ಟು ನೀರು ಹಾಕಿದರೂ ಉಪಯೋಗ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ.

6. ಶೀತ, ಧೂಳು, ಹಲ್ಲಿ

ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತೆ, ಚಪ್ಪಲಿಗೆ ಹಿಡಿಯುತ್ತೆ, ಕಂಪ್ಯೂಟರಿಗೂ ಹಿಡಿಯುತ್ತೆ. ಶೀತಕ್ಕೆ ರ‍್ಯಾಮ್, ಕಾರ್ಡುಗಳು ಕೂರುವ ಜಾಗದಲ್ಲಿ ಕಿಲುಬು ಕಟ್ಟಿ ಸಂಪರ್ಕ ತಪ್ಪುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ಶೀತ ಆರುತ್ತೆ. ಹೊರಗಿನ ಗೋಡೆಗೆ ತಾಗಿಸಿ, ನೆಲದ ಮೇಲೆ ಇಡಬೇಡಿ. ಸಣ್ಣ ಸ್ಟೂಲಾದರೂ ಕೊಡಿ. ಮಳೆಯಲ್ಲಿ ಸಾಗಿಸಿ ತಂದಿದ್ದರೆ ಒಣಗಿದ ಕೋಣೆಯಲ್ಲಿ ಕೆಲವು ಗಂಟೆ ಬಿಟ್ಟು ಆಮೇಲೆ ಆನ್ ಮಾಡಿ. ಬೇಗ ಒಣಗಲಿ ಅಂತ ಒಲೆ ಪಕ್ಕ ಇಡುವುದು ಬೇಡ. ಸೌದೆ ಹೊಗೆಯ ಜಿಡ್ಡಿಗೆ ಧೂಳು ಅಂಟಿಕೊಂಡು ಫ್ಯಾನ್ ಮೇಲೆ ಕಂಬಳಿ ಹೊದಿಸಿದ ಹಾಗಾಗುತ್ತೆ.

ಧೂಳು ಕಟ್ಟಿದರೆ ಬಿಸಿ ಹೊರಗೆ ಹೋಗಲ್ಲ. ಪ್ರೊಸೆಸರ್ ಸುಮ್ಮನಿದ್ದಾಗ 35ರಿಂದ 50 ಡಿಗ್ರಿ, ಕೆಲಸ ಜೋರಾದಾಗ 80ರ ತನಕ ಹೋದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 95, 100 ಮುಟ್ಟಿದರೆ ಮೊದಲು ನಿಧಾನ ಆಗುತ್ತೆ, ಆಮೇಲೆ ತನ್ನ ಜೀವ ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತೆ. ‘ಎಚ್‌ಡಬ್ಲ್ಯು ಮಾನಿಟರ್’ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಈ ಡಿಗ್ರಿ ನೋಡಬಹುದು.

ಸ್ವಚ್ಛ ಮಾಡುವ ಕ್ರಮ: ಶಟ್‌ಡೌನ್ ಮಾಡಿ ಪ್ಲಗ್ ಕಿತ್ತು, ಜಗಲಿಗೆ ತನ್ನಿ. ಪಕ್ಕದ ಮುಚ್ಚಳ ಬಿಚ್ಚಿ, ಒಣಗಿದ ಪೇಂಟ್ ಬ್ರಷ್ಷಿನಲ್ಲಿ ಧೂಳು ಸಡಿಲಿಸಿ, ಬ್ಲೋವರಿನಿಂದ ದೂರದಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಿರಗಿರ ತಿರುಗಿದರೆ ಬೇರಿಂಗ್ ಹಾಳು. ಒದ್ದೆ ಬಟ್ಟೆ ಬೇಡ. ಒಳಗೆ ನೋಡುವಾಗ ಮದರ್‌ಬೋರ್ಡ್ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರುಗಳ ತಲೆ ಉಬ್ಬಿದೆಯಾ, ಕಂದು ರಸ ಸೋರಿದೆಯಾ ಗಮನಿಸಿ. ಉಬ್ಬಿದ್ದರೆ ಅದು ಅಂಗಡಿಯ ಕೆಲಸ. ಹಲ್ಲಿ, ಇರುವೆ, ಜಿರಲೆ ಬೆಚ್ಚಗಿನ ಜಾಗ ಹುಡುಕಿಕೊಂಡು ಒಳಗೆ ಹೋಗುತ್ತವೆ, ಬೋರ್ಡ್ ಮೇಲೆ ಸತ್ತರೆ ಶಾರ್ಟ್. ಹಿಂದುಗಡೆ ಖಾಲಿ ಇರುವ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕಿಸಿ.

ಗಡಿಯಾರ ಪದೇ ಪದೇ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಮುಗಿದಿದೆ. ಅದರ ನಂಬರ್ ಸಾಮಾನ್ಯವಾಗಿ ಸಿಆರ್ 2032, 3 ವೋಲ್ಟಿನದು. ತಾರೀಕು ತಪ್ಪಿದರೆ ಬ್ಯಾಂಕಿನ, ಸರ್ಕಾರಿ ವೆಬ್‌ಸೈಟುಗಳೂ ‘ಸುರಕ್ಷಿತವಲ್ಲ’ ಅಂತ ತೆರೆಯಲ್ಲ. ಸೆಲ್ ಬದಲಾಯಿಸಿದರೆ ಮುಗೀತು.

7. ರ‍್ಯಾಮ್ ಪರೀಕ್ಷೆ

ನೀಲಿ ಪರದೆ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ. ಡಿಸೆಂಬರ್, ಜನವರಿಯ ಒಣ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡಿದ್ದರೆ ಅದನ್ನು ತೆಗೆದಿಟ್ಟು ಕೂರಿ, ಉಣ್ಣೆಯ ಸ್ಥಾಯಿ ವಿದ್ಯುತ್ತಿಗೆ ಚಿಪ್ ಸುಡಬಹುದು. ಎರಡೂ ಕಡೆಯ ಕ್ಲಿಪ್ ತೆರೆದು ರ‍್ಯಾಮ್ ಹೊರತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ‘ಟಕ್’ ಅನ್ನುವ ತನಕ ಒತ್ತಿ ಕೂರಿಸಿ. ನಮ್ಮ ಹವಾಮಾನದಲ್ಲಿ ಇಷ್ಟರಿಂದಲೇ ಸರಿಹೋಗುವ ಕಂಪ್ಯೂಟರುಗಳು ಬಹಳ.

ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದು ಎರಡು ದಿನ, ಇನ್ನೊಂದನ್ನು ತೆಗೆದು ಎರಡು ದಿನ ಓಡಿಸಿ. ಒಂದೇ ಸ್ಲಾಟ್ ಬಳಸಿ ನೋಡಿದಾಗ, ಒಂದರಲ್ಲಿ ಮಾತ್ರ ತೊಂದರೆ ಬಂದರೆ ಕಳ್ಳ ಸಿಕ್ಕಿದ. ಸ್ಟಾರ್ಟಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಅಂತ ಹುಡುಕಿ ಪರೀಕ್ಷೆ ಮಾಡಬಹುದು. ಅದು ತಪ್ಪು ತೋರಿಸಿದರೆ ರ‍್ಯಾಮೋ ಸ್ಲಾಟೋ ಕೆಟ್ಟಿದೆ ಅಂತ ನಂಬಬಹುದು. ತಪ್ಪು ಸಿಗಲಿಲ್ಲ ಅಂದ್ರೆ ಮಾತ್ರ ಪೂರ್ತಿ ನಂಬಬೇಡಿ, ಬಿಟ್ಟು ಬಿಟ್ಟು ಬರುವ ದೋಷ ಒಂದು ಸುತ್ತಲ್ಲಿ ತಪ್ಪಿಸಿಕೊಳ್ಳಬಹುದು.

8. ಡಿಸ್ಕ್: ಇಲ್ಲಿ ಅವಸರ ಬೇಡ

ಹಾರ್ಡ್‌ಡಿಸ್ಕ್ ‘ಟಿಕ್ ಟಿಕ್’ ಅಂತ ಲಯವಾಗಿ ಶಬ್ದ ಮಾಡುತ್ತಿದ್ದರೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತಗೊಂಡರೆ ಅದು ಕೊನೆಯ ದಿನ ಎಣಿಸುತ್ತಿರಬಹುದು. ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಅನ್ನುವ ಉಚಿತ ಸಾಫ್ಟ್‌ವೇರ್ ಡಿಸ್ಕಿನ ಆರೋಗ್ಯ ಹೇಳುತ್ತೆ. ಹಳದಿ ಬಣ್ಣದ ‘ಕಾಷನ್’ ಕಂಡರೆ ಅವತ್ತೇ ಕಾಪಿ ಮಾಡಿ, ಹೊಸ ಡಿಸ್ಕಿಗೆ ದುಡ್ಡು ಹೊಂದಿಸಿ.

ಇಲ್ಲಿ ಒಂದು ಮುಖ್ಯ ಮಾತು. ಡಿಸ್ಕ್ ರಿಪೇರಿಯ ‘ಚೆಕ್ ಡಿಸ್ಕ್’ ಆದೇಶವನ್ನು ಕಾಪಿ ಮಾಡಿಕೊಳ್ಳುವ ಮೊದಲು ಓಡಿಸಬೇಡಿ. ಅದು ಇಡೀ ಡಿಸ್ಕನ್ನು ಕೆದಕುತ್ತೆ. ಸಾಯುವ ಹಂತದ ಡಿಸ್ಕ್ ಆ ಶ್ರಮಕ್ಕೇ ಸಾಯಬಹುದು. ಫೈಲ್ ಮೊದಲು, ರಿಪೇರಿ ಆಮೇಲೆ. ಡಿಸ್ಕ್ ಕೇಬಲ್ ಸಡಿಲ ಇದ್ದರೂ ಇದೇ ಲಕ್ಷಣ ಬರುತ್ತೆ, ಪ್ಲಗ್ ಕಿತ್ತು ಎರಡೂ ತುದಿ ಒತ್ತಿ ನೋಡಿ.

9. ಸಾಫ್ಟ್‌ವೇರ್: ನಿನ್ನೆ ಮೊನ್ನೆ ಏನು ಬದಲಾಯ್ತು?

ಕರೆಂಟು, ಬಿಸಿ, ರ‍್ಯಾಮ್, ಡಿಸ್ಕ್ ನಾಲ್ಕೂ ಸರಿ ಇದ್ದರೆ ಈ ಪ್ರಶ್ನೆ ಕೇಳಿಕೊಳ್ಳಿ. ಹೊಸ ಬಿಲ್ ಪ್ರಿಂಟರ್, ಬೆರಳಚ್ಚಿನ ಯಂತ್ರ, ವೆಬ್‌ಕ್ಯಾಮ್ ಹಾಕಿದ್ರಾ? ಎರಡನೇ ಆ್ಯಂಟಿವೈರಸ್ ಸೇರಿಸಿದ್ರಾ? ಎರಡು ಆ್ಯಂಟಿವೈರಸ್ ಒಂದೇ ಒರೆಯಲ್ಲಿ ಎರಡು ಕತ್ತಿ ಇದ್ದಂತೆ, ಒಂದನ್ನು ತೆಗೆಯಿರಿ.

ನೀಲಿ ಪರದೆ ಓದಲು ಸಿಗದೆ ಹೋಗುತ್ತಿದ್ದರೆ ಹೀಗೆ ಮಾಡಿ: ಸ್ಟಾರ್ಟಲ್ಲಿ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕಿ, ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ಒಳಗೆ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ನಿಲ್ಲುತ್ತೆ, ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಕೆಳಗಿರುವ ‘ಸ್ಟಾಪ್ ಕೋಡ್’ ಸುಳಿವು ಕೊಡುತ್ತೆ:

• ಮೆಮೊರಿ ಮ್ಯಾನೇಜ್‌ಮೆಂಟ್: ಮೊದಲು ರ‍್ಯಾಮ್.
• ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ: ರ‍್ಯಾಮ್, ಇಲ್ಲವೇ ಡ್ರೈವರ್, ಆ್ಯಂಟಿವೈರಸ್.
• ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್: ಡ್ರೈವರ್. ಕೆಳಗೆ ಫೈಲ್ ಹೆಸರು ಇದ್ದರೆ ಅದನ್ನು ಬರೆದುಕೊಳ್ಳಿ.
• ವಿಡಿಯೊ ಟಿಡಿಆರ್ ಫೇಲ್ಯೂರ್: ಗ್ರಾಫಿಕ್ಸ್ ಡ್ರೈವರ್ ಅಥವಾ ಕಾರ್ಡ್.
• ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್: ಡಿಸ್ಕ್, ಅದರ ಕೇಬಲ್ ಅಥವಾ ಬಯೋಸ್ ಸೆಟ್ಟಿಂಗ್.
• ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್: ಬಹುಪಾಲು ಹಾರ್ಡ್‌ವೇರ್. ಬಿಸಿ, ಎಸ್‌ಎಂಪಿಎಸ್, ಪ್ರೊಸೆಸರ್ ನೋಡಿ.

ಆಮೇಲೆ ಸೇಫ್ ಮೋಡ್. ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ನೀಲಿ ಮೆನು ಬರುತ್ತೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಅಂತ ಹೋಗಿ. ಸೇಫ್ ಮೋಡಲ್ಲಿ ಅಗತ್ಯದ ಡ್ರೈವರುಗಳಷ್ಟೇ ಓಡುತ್ತವೆ. ಅಲ್ಲಿ ಗಂಟೆಗಟ್ಟಲೆ ಸರಿ ಇದ್ದು, ಮಾಮೂಲಿ ವಿಂಡೋಸಲ್ಲಿ ಕೈಕೊಟ್ಟರೆ ತೊಂದರೆ ಹೆಚ್ಚಾಗಿ ಡ್ರೈವರಿನದ್ದು. ಇತ್ತೀಚೆಗೆ ಹಾಕಿದ್ದನ್ನು ತೆಗೆಯಿರಿ, ಅದೇ ಮೆನುವಿನಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’, ‘ಸಿಸ್ಟಮ್ ರಿಸ್ಟೋರ್’ ಕೂಡ ಇದೆ.

ಒಳ್ಳೆಯ ಕಂಪ್ಯೂಟರನ್ನೂ ಒಂದು ಕೆಟ್ಟ ಅಪ್‌ಡೇಟ್ ಕೆಡವಬಹುದು ಅನ್ನೋದಕ್ಕೆ 2024ರ ಜುಲೈ 19 ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರಿನ ಒಂದು ದೋಷದ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಆ ಸಾಫ್ಟ್‌ವೇರ್ ದೊಡ್ಡ ಸಂಸ್ಥೆಗಳು ಬಳಸುವಂಥದ್ದು, ಹಾಗಾಗಿ ಮನೆ ಕಂಪ್ಯೂಟರುಗಳು ಬಹುಪಾಲು ಬಚಾವಾದವು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಕ್ಕೇ ಕಂಪ್ಯೂಟರ್ ಆಫ್ ಆಗ್ತಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಂಬಲ ಮುಗಿದರೆ ಭದ್ರತೆಗೆ ತೊಂದರೆ, ಫಟ್ ಅಂತ ಆಫ್ ಆಗಲು ಅದು ಕಾರಣ ಅಲ್ಲ.

10. ಫೋನ್ ನಂಬರ್ ತೋರಿಸುವ ಪರದೆ ನಕಲಿ

ಬ್ರೌಸರ್ ನೋಡುತ್ತಿದ್ದಾಗ ಪರದೆ ತುಂಬ ಎಚ್ಚರಿಕೆ ಬಂದು, ಜೋರಾಗಿ ಶಬ್ದ ಮಾಡಿ, ‘ನಿಮ್ಮ ಕಂಪ್ಯೂಟರ್ ಹಾಳಾಗಿದೆ, ಈ ನಂಬರಿಗೆ ಕರೆ ಮಾಡಿ’ ಅಂದರೆ ಅದು ಮೋಸ. ವಿಂಡೋಸಿನ ನಿಜವಾದ ನೀಲಿ ಪರದೆಯಲ್ಲಿ ಫೋನ್ ನಂಬರ್ ಇರಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಕರೆ ಮಾಡಿ ದುಡ್ಡು ಕಳಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

11. ಕೊನೆಗೂ ಅಂಗಡಿಗೆ ಒಯ್ಯುವುದಾದರೆ

• ನಿಮ್ಮ ನೋಟ್‌ಬುಕ್, ನೀಲಿ ಪರದೆಯ ಫೋಟೋ ಜೊತೆಗಿರಲಿ. ‘ಕೆಟ್ಟಿದೆ ನೋಡಿ’ ಅನ್ನುವುದಕ್ಕಿಂತ ‘ಅರ್ಧ ಗಂಟೆಗೆ ಆಫ್ ಆಗುತ್ತೆ, ರ‍್ಯಾಮ್ ಬದಲಿಸಿ ನೋಡಿದ್ದೀನಿ’ ಅಂದರೆ ರಿಪೇರಿಯವರಿಗೂ ಸಮಯ ಉಳಿಯುತ್ತೆ.
• ‘ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ’ ಅಂತ ಚೀಟಿಯಲ್ಲೇ ಬರೆಸಿ.
• ಬೇರೆ ಎಸ್‌ಎಂಪಿಎಸ್ ಹಾಕಿ ಪರೀಕ್ಷಿಸಲು ಕೇಳಿ. ಮನೆಯಲ್ಲಿ ಮಾಡಲಾಗದ, ಅಂಗಡಿಯಲ್ಲಿ ಸುಲಭವಾಗುವ ಪರೀಕ್ಷೆ ಅದು.
• ಅಂಗಡಿಯಲ್ಲಿ ಎರಡು ದಿನ ಓಡಿಸಿದರೂ ಸರಿ ಇದ್ದು, ಮನೆಗೆ ತಂದ ತಕ್ಷಣ ಆಫ್ ಆದರೆ ಬಿಡಿಭಾಗ ಬದಲಿಸಲು ದುಡ್ಡು ಹಾಕಬೇಡಿ. ಮೂರನೇ ಭಾಗಕ್ಕೆ ವಾಪಸ್ ಹೋಗಿ, ನಿಮ್ಮ ಮನೆಯ ಕರೆಂಟು ನೋಡಿಸಿ.
• ವಿಂಡೋಸ್ 11ರಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರಬಹುದು. ಮದರ್‌ಬೋರ್ಡ್ ಬದಲಿಸಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತೆ. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಅದನ್ನು ಹುಡುಕಿ, ಮೊದಲೇ ಬರೆದಿಟ್ಟುಕೊಳ್ಳಿ.
• ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ, ಹೊಸದಕ್ಕೆ ಬಿಲ್ ಮತ್ತು ವಾರಂಟಿ ತಗೊಳ್ಳಿ. ವ್ಯಾಜ್ಯ ಆದರೆ ಗ್ರಾಹಕ ಸಹಾಯವಾಣಿ 1915 ಇದೆ.

12. ವರ್ಷದ ಲೆಕ್ಕ

ತೋಟಕ್ಕೆ ಹೇಗೆ ಕಾಲಕಾಲದ ಕೆಲಸ ಇದೆಯೋ ಕಂಪ್ಯೂಟರಿಗೂ ಹಾಗೇ ಇಟ್ಟುಕೊಳ್ಳಿ.

• ಮಾರ್ಚ್: ಹಣಕಾಸು ವರ್ಷ ಮುಗಿಯುವ ಮೊದಲು ಪೂರ್ತಿ ಬ್ಯಾಕಪ್. ಅರ್ಥಿಂಗ್ ಪರೀಕ್ಷೆ.
• ಏಪ್ರಿಲ್, ಮೇ: ಗುಡುಗು ಕೇಳಿದರೆ ಪ್ಲಗ್, ಕೇಬಲ್ ಎರಡೂ ಹೊರಗೆ. ಮಳೆಗಾಲಕ್ಕೆ ಮೊದಲು ಯುಪಿಎಸ್ ಬ್ಯಾಟರಿ ಪರೀಕ್ಷೆ.
• ಜೂನ್‌ನಿಂದ ಸೆಪ್ಟೆಂಬರ್: ದಿನಕ್ಕೊಂದು ಗಂಟೆ ಆನ್. ವಾರಕ್ಕೊಂದು ಬ್ಯಾಕಪ್.
• ಅಕ್ಟೋಬರ್, ನವೆಂಬರ್: ಒಳಗಿನ ಧೂಳು, ಬೂಷ್ಟು ಸ್ವಚ್ಛ. ಕಾಫಿ ಕೊಯ್ಲಿನ ಬಟವಾಡೆ ಲೆಕ್ಕ ಶುರುವಾಗುವ ಮೊದಲು ಡಿಸ್ಕಿನ ಆರೋಗ್ಯ ನೋಡಿ.

ಬ್ಯಾಕಪ್ ಎಷ್ಟು ಇರಬೇಕು? ಮೂರು ಪ್ರತಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ ಅಥವಾ ಆನ್‌ಲೈನಿನಲ್ಲಿ. 2019ರ ಆಗಸ್ಟಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು ಮನೆ, ತೋಟ ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ದಿನ ಕಂಪ್ಯೂಟರ್ ಹೊತ್ತುಕೊಂಡು ಯಾರೂ ಓಡಲ್ಲ, ಓಡಲೂಬಾರದು. ಕಾಗದಪತ್ರ, ಲೆಕ್ಕದ ಒಂದು ಪ್ರತಿ ಚಿಕ್ಕಮಗಳೂರಿನ ನೆಂಟರ ಮನೆ ಬೀರುವಿನಲ್ಲಿ ಇದ್ದರೆ ಆಮೇಲೆ ಮತ್ತೆ ಬದುಕು ಕಟ್ಟುವಾಗ ಅದು ಕೈಗೆ ಬರುತ್ತೆ. ಇವತ್ತು ಸಂಜೆ ಕರೆಂಟು ಇದ್ದರೆ, ಒಂದನೇ ಭಾಗದ ಕೆಲಸ ಮಾಡಿ ಮುಗಿಸಿ.